ದೇವರು ಯಾರ ಪಕ್ಷ? ಯುದ್ಧದ ಬಗ್ಗೆ ಒಂದು ಕ್ರೈಸ್ತ ನೋಟ

[ತೆರೆಯ ಮೇಲೆ: ಒಣ ಬೆಟ್ಟ, ಕುರಿ ಮಂದೆ. ದನಿ ಮಾತ್ರ.]

ಸುಮಾರು 2,750 ವರ್ಷಗಳ ಹಿಂದಿನ ಮಾತು. ಯೆಹೂದ ರಾಜ್ಯದ ತೆಕೋವ ಅನ್ನುವ ಊರಿನಲ್ಲಿ ಆಮೋಸ ಎಂಬ ಕುರಿಗಾಹಿ ಇದ್ದ. ಅವನು ಗಡಿ ದಾಟಿ ಉತ್ತರದ ಇಸ್ರಾಯೇಲ್ ರಾಜ್ಯಕ್ಕೆ ಹೋದ. ಸತ್ಯವೇದದಲ್ಲಿ ಅವನ ಮಾತುಗಳು ಅಕ್ಕಪಕ್ಕದ ದೇಶಗಳು ಮಾಡಿದ ಯುದ್ಧ ಅಪರಾಧಗಳಿಂದ ಶುರುವಾಗುತ್ತವೆ.

ದಮಸ್ಕದವರು ಗಿಲ್ಯಾದಿನ ಜನರನ್ನು ಕಾಳು ಒಕ್ಕುವ ಹಾಗೆ ಕಬ್ಬಿಣದ ಹಲ್ಲುಗಳಿಂದ ಒಕ್ಕಿದರು. ಗಾಜಾದವರು ಊರಿಗೆ ಊರನ್ನೇ ಸೆರೆಹಿಡಿದು ಮಾರಿದರು. ತೂರಿನವರು ಅಣ್ಣತಮ್ಮಂದಿರ ಒಪ್ಪಂದವನ್ನು ಮರೆತರು. ಅಮ್ಮೋನಿನವರು ಗಡಿಯನ್ನು ಸ್ವಲ್ಪ ಮುಂದೆ ತಳ್ಳೋದಕ್ಕಾಗಿ ಗರ್ಭಿಣಿಯರ ಹೊಟ್ಟೆ ಸೀಳಿದರು. ದೇವರು ಇದನ್ನು ಸುಮ್ನೆ ಬಿಡುವುದಿಲ್ಲ, ಎಂದ ಆಮೋಸ.

ಕೇಳುತ್ತಿದ್ದವರು ತಲೆದೂಗಿರಬೇಕು. ಶತ್ರುವಿನ ಪಾಪದ ಪಟ್ಟಿ ಕೇಳೋದು ಯಾರಿಗೆ ಬೇಡ?

ಆಮೇಲೆ ಯೆಹೂದದ ಸರದಿ ಬಂತು. ಅಂದರೆ ಅವನ ಸ್ವಂತ ನಾಡು. ಕೊನೆಗೆ ಕೇಳುಗರ ಇಸ್ರಾಯೇಲ್. ನೀವು ಬೆಳ್ಳಿಗಾಗಿ ನೀತಿವಂತರನ್ನು ಮಾರಿದ್ದೀರಿ, ಒಂದು ಜೊತೆ ಕೆರಕ್ಕಾಗಿ ಬಡವರನ್ನು ಮಾರಿದ್ದೀರಿ ಎಂದ. ಮುಂದೆ ಬೇತೇಲಿನ ಯಾಜಕ ಅಮಚ್ಯ ಅವನನ್ನು ತಡೆದ. ನಿನ್ನ ದೇಶಕ್ಕೆ ಹೋಗು, ಅಲ್ಲಿ ಹೊಟ್ಟೆ ಹೊರೆದುಕೋ, ಇಲ್ಲಿ ಪ್ರವಾದನೆ ಬೇಡ, ಇದು ಅರಸನ ದೇವಾಲಯ ಎಂದ.

ಅರಸನ ದೇವಾಲಯ. ಯುದ್ಧದ ಕಾಲದಲ್ಲಿ ಕ್ರೈಸ್ತ ಸಭೆಗೆ ಎದುರಾಗುವ ದೊಡ್ಡ ಆಪತ್ತು ಈ ಎರಡು ಪದಗಳಲ್ಲೇ ಇದೆ ಅಂತ ನನಗೆ ಅನಿಸುತ್ತದೆ.

[ತೆರೆಯ ಮೇಲೆ: ಶೀರ್ಷಿಕೆ]

ನಮಸ್ಕಾರ. ಇವತ್ತಿನ ವಿಷಯ ಯುದ್ಧ, ದೇಶದೇಶಗಳ ನಡುವಿನ ವ್ಯವಹಾರ, ಮತ್ತು ಒಂದು ದೇಶಕ್ಕೆ ನೀತಿ ಅನ್ನೋದು ಇರಬೇಕಾ ಎಂಬ ಪ್ರಶ್ನೆ. ನಾನು ನಂಬಿಕೆಯುಳ್ಳ ಕ್ರೈಸ್ತ. ಹಾಗಾಗಿ ಹೊರಗಿನಿಂದ ನೋಡಿ ಹೇಳುವ ಮಾತು ಇದಲ್ಲ.

ಮೊದಲು ಕಷ್ಟದ ಭಾಗ. ಯೇಸುವಿನ ಮಾತು ತೀರಾ ನೇರ. ಶತ್ರುಗಳನ್ನು ಪ್ರೀತಿಸಿ, ಬಲಗೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ತಿರುಗಿಸಿ ಎಂದು ಪರ್ವತ ಪ್ರಸಂಗದಲ್ಲಿ ಹೇಳಿದರು. ಅವರನ್ನು ಬಂಧಿಸಲು ಬಂದ ರಾತ್ರಿ ಶಿಷ್ಯ ಪೇತ್ರ ಕತ್ತಿ ಎಳೆದ. ಕತ್ತಿ ಹಿಡಿದವರೆಲ್ಲರೂ ಕತ್ತಿಯಿಂದಲೇ ಸಾಯುತ್ತಾರೆ ಎಂದರು. ಇದರಲ್ಲಿ ನುಣುಚಿಕೊಳ್ಳಲು ಸಂದಿ ಹುಡುಕಿದಷ್ಟೂ ನಮ್ಮ ಮುಖವೇ ಸಣ್ಣದಾಗುತ್ತದೆ.

ಆದರೆ ಅದೇ ಹೊಸ ಒಡಂಬಡಿಕೆಯಲ್ಲಿ ಸ್ನಾನಿಕ ಯೋಹಾನನ ಬಳಿ ಸೈನಿಕರು ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಅವನು ಕೆಲಸ ಬಿಡಿ ಎನ್ನುವುದಿಲ್ಲ. ಯಾರನ್ನೂ ಸುಲಿಯಬೇಡಿ, ಸುಳ್ಳು ದೂರು ಹೊರಿಸಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎನ್ನುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಪೌಲ, ಅಧಿಕಾರಿ ಸುಮ್ನೆ ಕತ್ತಿ ಹಿಡಿದಿಲ್ಲ, ಕೆಟ್ಟದ್ದನ್ನು ದಂಡಿಸಲು ಹಿಡಿದಿದ್ದಾನೆ ಎನ್ನುತ್ತಾನೆ. ಇದಕ್ಕೆ ತುಸು ಮುಂಚೆ, 12ನೇ ಅಧ್ಯಾಯದ ಕೊನೆಯಲ್ಲಿ ಅವನೇ, ನಿನ್ನ ಶತ್ರು ಹಸಿದಿದ್ದರೆ ಊಟ ಕೊಡು ಎಂದಿದ್ದ. ಜನ 13ನ್ನು ಓದುವಾಗ 12ನ್ನು ಮರೆತುಬಿಡುತ್ತಾರೆ. ಎರಡೂ ಒಂದೇ ಪತ್ರ, ಅಲ್ವಾ?

ಮೊದಲ ಮೂರು ಶತಮಾನ ಕ್ರೈಸ್ತರ ಕೈಯಲ್ಲಿ ಅಧಿಕಾರ ಇರಲಿಲ್ಲ. ಯೇಸು ಪೇತ್ರನ ಕೈಯಿಂದ ಕತ್ತಿ ಇಳಿಸಿದಾಗ ಪ್ರತಿ ಸೈನಿಕನ ಕೈಯಿಂದಲೂ ಇಳಿಸಿದರು ಎಂದು ಆ ಕಾಲದ ಕ್ರೈಸ್ತ ಲೇಖಕ ಟೆರ್ಟುಲಿಯನ್ ಬರೆದ. 295ರಲ್ಲಿ ಉತ್ತರ ಆಫ್ರಿಕಾದ ಮ್ಯಾಕ್ಸಿಮಿಲಿಯನ್ ಎಂಬ ಯುವಕ, ನಾನು ಕ್ರೈಸ್ತ, ಸೈನಿಕನಾಗಲಾರೆ ಎಂದು ಹೇಳಿ ತಲೆ ಕೊಟ್ಟ. ಅದೇ ಕಾಲದಲ್ಲಿ ಸೈನ್ಯದಲ್ಲಿದ್ದ ಕ್ರೈಸ್ತರೂ ಇದ್ದರು ಅನ್ನೋದನ್ನು ಮರೆಯಬಾರದು. 312ರಲ್ಲಿ ರೋಮಿನ ಅಧಿಕಾರಕ್ಕಾಗಿ ನಡೆದ ಕಾಳಗದಲ್ಲಿ ಕಾನ್‌ಸ್ಟಂಟೈನ್ ಗೆದ್ದ. ಆಮೇಲೆ ಚಕ್ರವರ್ತಿಯೇ ಸಭೆಯ ಒಳಗೆ ಬಂದ.

ಇಲ್ಲಿ ನನಗೆ ತುಂಬ ಇಷ್ಟವಾದ ಒಂದು ಘಟನೆ ಇದೆ. 390ರಲ್ಲಿ ಗ್ರೀಸಿನ ಥೆಸಲೊನೀಕ ನಗರದ ಜನ ದಂಗೆ ಎದ್ದು ಸೇನಾಧಿಕಾರಿಯೊಬ್ಬನನ್ನು ಕೊಂದರು. ಸೇಡಿಗಾಗಿ ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಜನರ ಮೇಲೆ ಬಿದ್ದರು. ಸತ್ತವರು 7,000 ಮಂದಿ ಎಂದು ಪ್ರಾಚೀನ ಇತಿಹಾಸಕಾರನೊಬ್ಬ ಬರೆದಿದ್ದಾನೆ. ಥಿಯೊಡೋಸಿಯಸ್ ಕ್ರೈಸ್ತನೇ, ಸಭೆಗೆ ಬೆನ್ನೆಲುಬಾಗಿದ್ದವನು. ಆದರೂ ಮಿಲಾನಿನ ಬಿಷಪ್ ಅಂಬ್ರೋಸ್ ಅವನಿಗೆ ಪತ್ರ ಬರೆದರು. ನೀವು ಇರುವ ಕಡೆ ನಾನು ಪ್ರಭುವಿನ ಬಲಿಯನ್ನು, ಅಂದರೆ ಪೂಜೆಯನ್ನು, ಅರ್ಪಿಸಲಾರೆ ಎಂಬುದು ಅದರ ಸಾರ. ಆ ಪತ್ರ ಇವತ್ತಿಗೂ ಉಳಿದಿದೆ. ಜಗತ್ತಿನ ಅತಿ ಬಲಶಾಲಿ ಮನುಷ್ಯ ಎಲ್ಲರೆದುರು ಪಶ್ಚಾತ್ತಾಪಪಟ್ಟ.

ಅಂಬ್ರೋಸ್ ಕೈಯಿಂದಲೇ ದೀಕ್ಷಾಸ್ನಾನ ಪಡೆದವರು ದೊಡ್ಡ ಕ್ರೈಸ್ತ ಚಿಂತಕ ಅಗಸ್ಟೀನ್. ನ್ಯಾಯವಿಲ್ಲದ ರಾಜ್ಯಕ್ಕೂ ದೊಡ್ಡ ದರೋಡೆಗೂ ಏನು ವ್ಯತ್ಯಾಸ ಎಂದು ಕೇಳಿದವರು ಅವರೇ. ಯುದ್ಧ ಕೆಲವೊಮ್ಮೆ ನ್ಯಾಯವಾಗಿರಬಹುದು ಎಂದು ಅವರು ಒಪ್ಪಿದರು. ಆದರೆ ಅಂಥ ಯುದ್ಧ ಮಾಡಬೇಕಾಗಿ ಬಂದದ್ದಕ್ಕೂ ವಿವೇಕಿ ಅಳುತ್ತಾನೆ ಎಂದರು. ನ್ಯಾಯಯುದ್ಧದ ಸಿದ್ಧಾಂತವನ್ನು ಇವತ್ತು ಎತ್ತಿ ಹಿಡಿಯುವವರಲ್ಲಿ ಈ ಅಳು ಎಲ್ಲಿದೆ?

13ನೇ ಶತಮಾನದಲ್ಲಿ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಇದನ್ನು ಮೂರು ಪ್ರಶ್ನೆಗಳಾಗಿ ಕಟ್ಟಿದರು. ಯುದ್ಧ ಸಾರಲು ಅಧಿಕಾರ ಇದೆಯಾ? ಕಾರಣ ನ್ಯಾಯವಾದದ್ದಾ? ಉದ್ದೇಶ ಶುದ್ಧವಾ? ಬೇರೆ ದಾರಿಗಳೆಲ್ಲ ಮುಗಿದಿವೆಯಾ, ಹಾನಿ ಒಳಿತಿಗಿಂತ ದೊಡ್ಡದಾಗುತ್ತದಾ, ಆಯುಧ ಹಿಡಿಯದವರು ಸುರಕ್ಷಿತರಾ ಎಂಬ ಪ್ರಶ್ನೆಗಳೂ ಮುಂದೆ ಸೇರಿದವು. ಈ ಪ್ರಶ್ನೆಗಳು ಬೇಲಿ. ಬೇಲಿಯನ್ನೇ ಬಾಗಿಲು ಮಾಡಿಕೊಂಡವರು ಜಾಸ್ತಿ. 1099ರಲ್ಲಿ ಜೆರೂಸಲೇಮಿನಲ್ಲಿ ಶಿಲುಬೆ ಧರಿಸಿ ಧರ್ಮಯುದ್ಧಕ್ಕೆ ಹೋದವರೇ ಮುಸ್ಲಿಮರನ್ನೂ ಯೆಹೂದ್ಯರನ್ನೂ ಕೊಚ್ಚಿ ಹಾಕಿದರು. ಅದಕ್ಕೆ ನಮ್ಮ ಬಳಿ ನೆಪ ಇಲ್ಲ, ಇರಲೂಬಾರದು.

[ತೆರೆಯ ಮೇಲೆ: ಸೈನಿಕರ ಬೆಲ್ಟಿನ ಲೋಹದ ಬಕಲ್]

1914ಕ್ಕೆ ಬನ್ನಿ. ಜರ್ಮನ್ ಸೈನಿಕರ ಬೆಲ್ಟಿನ ಬಕಲ್ ಮೇಲೆ ದೇವರು ನಮ್ಮೊಂದಿಗೆ ಎಂದು ಕೆತ್ತಿತ್ತು. ಆಚೆ ಕಡೆ ಲಂಡನ್ನಿನ ಬಿಷಪ್ ಇದು ಪವಿತ್ರ ಯುದ್ಧ ಎಂದು ಸಾರುತ್ತಿದ್ದರು. ಆ ಅಕ್ಟೋಬರಿನಲ್ಲಿ 93 ಜರ್ಮನ್ ವಿದ್ವಾಂಸರು ತಮ್ಮ ದೇಶದ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದರು. ಅವರಲ್ಲಿ ದೊಡ್ಡ ದೈವಶಾಸ್ತ್ರಜ್ಞರೂ ಇದ್ದರು. ಸ್ವಿಟ್ಜರ್ಲೆಂಡಿನ ಯುವ ಪಾಸ್ಟರ್ ಕಾರ್ಲ್ ಬಾರ್ತ್ ತಮ್ಮ ಗುರುಗಳ ಹೆಸರುಗಳನ್ನು ಅದರಲ್ಲಿ ಕಂಡು ಕುಸಿದುಹೋದರು. ದೇಶದ ದನಿಯನ್ನೇ ದೇವರ ದನಿ ಎಂದುಕೊಂಡರೆ ಏನಾಗುತ್ತದೆ ಎಂಬ ಈ ಪಾಠ ಅವರಿಗೆ ಮುಂದೆ ಕೆಲಸಕ್ಕೆ ಬಂತು. 1934ರಲ್ಲಿ ಹಿಟ್ಲರನ ಕಾಲದಲ್ಲಿ, ಸಭೆ ಸರ್ಕಾರದ ಅಂಗವಲ್ಲ ಎಂದು ಸಾರಿದ ಬಾರ್ಮೆನ್ ಘೋಷಣೆಯನ್ನು ಹೆಚ್ಚಾಗಿ ಬರೆದವರು ಅವರೇ.

ಯೆಹೋಶುವನ ಪುಸ್ತಕದ 5ನೇ ಅಧ್ಯಾಯ ನೆನಪಾಗುತ್ತದೆ. ಯೆರಿಕೋ ಬಳಿ ಕತ್ತಿ ಹಿರಿದು ನಿಂತವನನ್ನು ನೋಡಿ ಇಸ್ರಾಯೇಲರ ನಾಯಕ ಯೆಹೋಶುವ ಕೇಳುತ್ತಾನೆ, ನೀನು ನಮ್ಮವನೋ, ಶತ್ರುಗಳವನೋ? ಉತ್ತರ: ಅಲ್ಲ. ನಾನು ಯೆಹೋವನ ಸೇನಾಪತಿಯಾಗಿ ಬಂದಿದ್ದೇನೆ. ಆ ಪುಸ್ತಕದ ಯುದ್ಧಗಳು ನನಗೆ ಇಂದಿಗೂ ಕಷ್ಟವೇ. ಆದರೆ ಅಲ್ಲಿಯೂ ದೇವರ ಸೇನಾಪತಿ ಯಾರ ಜೇಬಿಗೂ ಇಳಿಯಲಿಲ್ಲ.

ಈಗ ಜಾರ್ಜ್ ಬೆಲ್. ಇಂಗ್ಲೆಂಡಿನ ಚಿಚೆಸ್ಟರಿನ ಬಿಷಪ್. ಹಿಟ್ಲರನನ್ನು ಮೊದಲಿನಿಂದಲೂ ವಿರೋಧಿಸಿದವರು, ನಿರಾಶ್ರಿತರಿಗೆ ನೆರವಾದವರು, ನಾಜಿಗಳು ಗಲ್ಲಿಗೇರಿಸಿದ ಜರ್ಮನ್ ಪಾಸ್ಟರ್ ಡೀಟ್ರಿಚ್ ಬೋನ್‌ಹೋಫರ್ ಅವರ ಗೆಳೆಯ. ಹಾಗಾಗಿ ಇವರನ್ನು ಶತ್ರುವಿನ ಏಜೆಂಟ್ ಎನ್ನಲು ಆಗುತ್ತಿರಲಿಲ್ಲ. 1943ರ ಜುಲೈನಲ್ಲಿ ಹ್ಯಾಂಬರ್ಗ್ ನಗರ ಬಾಂಬಿನ ಬೆಂಕಿಯಲ್ಲಿ ಉರಿಯಿತು. ಹತ್ತಾರು ಸಾವಿರ ಜನ ಸತ್ತರು. 1944ರ ಫೆಬ್ರುವರಿ 9ರಂದು ಬೆಲ್ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಎದ್ದು ನಿಂತು, ಇಡೀ ನಗರಗಳನ್ನು ಸುಡುವುದು ಯಾವ ನ್ಯಾಯ ಎಂದು ತಮ್ಮದೇ ಸರ್ಕಾರವನ್ನು ಕೇಳಿದರು. ಕಾರ್ಖಾನೆಯ ಮೇಲೆ ಬಾಂಬು ಹಾಕುವುದಕ್ಕೂ ಮನೆಗಳ ಮೇಲೆ ಹಾಕುವುದಕ್ಕೂ ವ್ಯತ್ಯಾಸ ಇದೆ ಎಂಬುದು ಅವರ ವಾದ. ಯುದ್ಧ ನಿಲ್ಲಿಸಿ ಎಂದು ಅವರು ಹೇಳಲಿಲ್ಲ. ಆದರೂ ದೇಶದಲ್ಲಿ ಸಿಟ್ಟು ಉಕ್ಕಿತು. ಅದೇ ವರ್ಷ ಇಂಗ್ಲೆಂಡಿನ ಸಭೆಯ ಅತಿ ದೊಡ್ಡ ಹುದ್ದೆಯಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನ ಖಾಲಿಯಾದಾಗ ಅದು ಬೆಲ್ ಅವರಿಗೆ ಸಿಗಲಿಲ್ಲ. ಆ ಭಾಷಣವೇ ಕಾರಣ ಎಂದು ಹಲವರು ನಂಬುತ್ತಾರೆ.

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣದ ಬಗ್ಗೆ ಮಾತಾಡಿದ ಹಾಗೆ ಅಂತ ನಾವು ಹೇಳುತ್ತೇವೆ. ಯೇಸು ಅದನ್ನೇ ಕಣ್ಣಿನ ತೊಲೆ, ಕಣ್ಣಿನ ರವೆ ಎಂದರು. ಒಬ್ಬೊಬ್ಬ ಮನುಷ್ಯನಿಗೆ ಹೇಳಿದ ಆ ಮಾತು ದೇಶಗಳಿಗೂ ಸಲ್ಲುತ್ತದೆ ಎಂದು ತೋರಿಸಿದವರು ಬೆಲ್. ಶತ್ರು ಮಾಡಿದರೆ ಅಪರಾಧ, ನಾವು ಮಾಡಿದರೆ ಅನಿವಾರ್ಯ ಎಂದರೆ ಅಲ್ಲಿ ನೀತಿ ಉಳಿಯೋದಿಲ್ಲ.

ವಿದೇಶಾಂಗ ವ್ಯವಹಾರದಲ್ಲಿ ಇಂಥ ನೀತಿ ನಡೆಯೋದಿಲ್ಲ, ಅಲ್ಲಿ ಲಾಭ ನಷ್ಟ ಮಾತ್ರ ಎನ್ನುವವರಿದ್ದಾರೆ. ಅವರಿಗೆ ಒಂದು ಉದಾಹರಣೆ. 1978ರ ಡಿಸೆಂಬರ್. ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಬೀಗಲ್ ಕಾಲುವೆಯ ಬಳಿಯ ಮೂರು ಪುಟ್ಟ ದ್ವೀಪಗಳಿಗಾಗಿ ಅರ್ಜೆಂಟೀನಾ ಮತ್ತು ಚಿಲಿ ಯುದ್ಧದ ಅಂಚಿಗೆ ಬಂದಿದ್ದವು. ಎರಡೂ ಕಡೆ ಮಿಲಿಟರಿ ಆಡಳಿತ. ದಾಳಿಗೆ ಆದೇಶವೂ ಆಗಿತ್ತು, ಕೊನೇ ಗಳಿಗೆಯಲ್ಲಿ ನಿಂತಿತು. ಪೋಪ್ ಎರಡನೇ ಜಾನ್ ಪಾಲ್ ಕಾರ್ಡಿನಲ್ ಆಂಟೋನಿಯೋ ಸಮೋರೆ ಅವರನ್ನು ಕಳಿಸಿದರು. ಆರು ವರ್ಷ ಮಾತುಕತೆ ನಡೆಯಿತು. ಸಮೋರೆ ನಡುವೆಯೇ ತೀರಿಕೊಂಡರು. 1984ರ ನವೆಂಬರ್ 29ರಂದು ವ್ಯಾಟಿಕನ್‌ನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಶಾಂತಿ ಮಾಡಿಸುವವರು ಧನ್ಯರು ಎಂಬ ವಚನದಲ್ಲಿ ಮಾಡಿಸುವವರು ಎಂಬ ಪದ ಇದೆ. ಅದು ಬೇಸರ ತರಿಸುವ, ವರ್ಷಗಟ್ಟಲೆ ಎಳೆಯುವ ಕೆಲಸ.

ನನ್ನ ನಿಲುವು ಕೇಳಿದರೆ, ದಾಳಿಗೆ ಸಿಕ್ಕವರನ್ನು ಕಾಪಾಡಲು ಸರ್ಕಾರಕ್ಕೆ ಬಲ ಬಳಸುವ ಹಕ್ಕಿದೆ ಎಂದೇ ನಂಬುತ್ತೇನೆ. ಆಯುಧವನ್ನೇ ಮುಟ್ಟದ ಕ್ರೈಸ್ತ ಪಂಗಡಗಳಾದ ಮೆನೊನೈಟರು, ಕ್ವೇಕರರು ಇದನ್ನು ಒಪ್ಪುವುದಿಲ್ಲ. ಅವರ ಮುಂದೆ ನಾನು ವಾದ ಗೆಲ್ಲಲು ಹೋಗುವುದಿಲ್ಲ, ಅವರು ನನ್ನನ್ನು ಎಚ್ಚರವಾಗಿಡುತ್ತಾರೆ. ಆದರೆ ಸಭೆ ಅರಸನ ದೇವಾಲಯವಾಗಬಾರದು ಎಂಬಲ್ಲಿ ನಾವಿಬ್ಬರೂ ಒಂದೇ.

[ತೆರೆಯ ಮೇಲೆ: ಚಾವಣಿ ಇಲ್ಲದ ಒಂದು ಕಲ್ಲಿನ ಚರ್ಚ್]

ಇದು ಇಂಗ್ಲೆಂಡಿನ ಕೊವೆಂಟ್ರಿ ಕೆಥೆಡ್ರಲ್. 1940ರ ನವೆಂಬರ್ 14ರ ರಾತ್ರಿ ಜರ್ಮನ್ ಬಾಂಬುಗಳಿಗೆ ಸಿಕ್ಕಿ ಸುಟ್ಟುಹೋಯಿತು. ಮುಖ್ಯಸ್ಥರಾಗಿದ್ದ ರಿಚರ್ಡ್ ಹೊವರ್ಡ್ ಮುಂದೆ ಬಲಿಪೀಠದ ಹಿಂದಿನ ಗೋಡೆಯ ಮೇಲೆ ಎರಡು ಪದ ಕೆತ್ತಿಸಿದರು: ತಂದೆಯೇ, ಕ್ಷಮಿಸು. ಶಿಲುಬೆಯ ಮೇಲೆ ಯೇಸು ಹೇಳಿದ್ದು ಇವರನ್ನು ಕ್ಷಮಿಸು ಎಂದು. ಇಲ್ಲಿ ಇವರನ್ನು ಎಂಬ ಪದ ಇಲ್ಲ. ಯಾರನ್ನು ಎಂದು ಬರೆಸಲಿಲ್ಲ.

1945ರ ಫೆಬ್ರುವರಿಯಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ವಿಮಾನಗಳು ಡ್ರೆಸ್ಡೆನ್ ಮೇಲೆ ಬಾಂಬು ಸುರಿಸಿದವು. ಸುಮಾರು 25,000 ಜನ ಸತ್ತರು. ಅಲ್ಲಿನ ಫ್ರೌವೆನ್‌ಕಿರ್ಖೆ ಚರ್ಚ್ ಕುಸಿದು ಕಲ್ಲಿನ ರಾಶಿಯಾಯಿತು. ದಶಕಗಳ ನಂತರ ಅದನ್ನು ಮತ್ತೆ ಕಟ್ಟಿದಾಗ, ಗುಮ್ಮಟದ ತುದಿಗೆ ಬೇಕಾದ ಚಿನ್ನದ ಲೇಪದ ಶಿಲುಬೆ ಬ್ರಿಟನ್ನಿನಿಂದ ಬಂತು. ಅದನ್ನು ಮಾಡಿದ ಅಕ್ಕಸಾಲಿಗನ ತಂದೆ, ಆ ದಾಳಿಯಲ್ಲಿ ಡ್ರೆಸ್ಡೆನ್ ಮೇಲೆ ಹಾರಿದ ಬಾಂಬರ್ ವಿಮಾನವೊಂದರಲ್ಲಿದ್ದ.