ಹಂಚಿಕೆಯಾದ ಹಣ, ಕೈಸೇರಿದ ಹಣ

ಕೇಳುಗರಿಗೆ ನಮಸ್ಕಾರ.

ಹಿಂದುಳಿದ ಪ್ರದೇಶಗಳಿಗೆ ಅಭಿವೃದ್ಧಿ ಅನುದಾನ ಹೆಚ್ಚಾಗಿ ಸಲ್ಲಬೇಕೆಂಬ ತತ್ವಕ್ಕೆ ಬಹಿರಂಗವಾಗಿ ತಕರಾರು ತೆಗೆಯುವವರು ಕಡಿಮೆ. ಜಗಳವೆಲ್ಲ ಹಂಚಿಕೆಯ ಸೂತ್ರದ ಸುತ್ತಲೇ ನಡೆಯುತ್ತದೆ. ಹಂಚಿಕೆಯಾದ ಹಣವನ್ನು ಪಡೆಯಲು ಪೂರೈಸಬೇಕಾದ ಷರತ್ತುಗಳು ಮಾತ್ರ ಚರ್ಚೆಗೆ ಬರುವುದೇ ಅಪರೂಪ.

ಕೇಂದ್ರದಿಂದ ರಾಜ್ಯಗಳಿಗೆ ಹಣ ಮುಖ್ಯವಾಗಿ ಎರಡು ದಾರಿಗಳಲ್ಲಿ ಬರುತ್ತದೆ. ಮೊದಲನೆಯದು ತೆರಿಗೆಯ ಪಾಲು. ಕೇಂದ್ರ ತೆರಿಗೆಗಳ ವಿಭಜನೀಯ ಮೊತ್ತದಲ್ಲಿ, ಅಂದರೆ ರಾಜ್ಯಗಳೊಂದಿಗೆ ಹಂಚಿಕೊಳ್ಳಬೇಕಾದ ಮೊತ್ತದಲ್ಲಿ, ಶೇ. 41ರಷ್ಟನ್ನು 2021ರಿಂದ 2026ರ ಅವಧಿಗೆ ರಾಜ್ಯಗಳಿಗೆ ನೀಡಬೇಕೆಂದ 15ನೇ ಹಣಕಾಸು ಆಯೋಗವು, ಅದನ್ನು ರಾಜ್ಯಗಳ ನಡುವೆ ಹಂಚುವಾಗ ತಲಾ ಆದಾಯದ ಅಂತರಕ್ಕೆ (ಶ್ರೀಮಂತ ರಾಜ್ಯಗಳಿಗಿಂತ ಒಂದು ರಾಜ್ಯ ಎಷ್ಟು ಹಿಂದಿದೆ ಎಂಬುದಕ್ಕೆ) ಶೇ. 45ರಷ್ಟು, ಜನಸಂಖ್ಯೆಗೆ ಶೇ. 15ರಷ್ಟು, ತೆರಿಗೆ ಸಂಗ್ರಹದ ಪ್ರಯತ್ನಕ್ಕೆ ಕೇವಲ ಶೇ. 2.5ರಷ್ಟು ಪ್ರಾಮುಖ್ಯ ಕೊಟ್ಟಿತು. ಹೆಚ್ಚು ತೆರಿಗೆ ಸಂಗ್ರಹಿಸಿಕೊಟ್ಟು ಕಡಿಮೆ ಪಾಲು ಪಡೆಯುವ ರಾಜ್ಯಗಳು ಇದನ್ನು ಆಕ್ಷೇಪಿಸುತ್ತವೆ. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಬಡ ರಾಜ್ಯಗಳತ್ತ ಈ ಸೂತ್ರ ವಾಲುತ್ತದೆಂಬುದು ಸ್ಪಷ್ಟ, ಮತ್ತು ಹೀಗೆ ಬಂದ ಹಣವನ್ನು ರಾಜ್ಯ ತನಗೆ ಬೇಕಾದಂತೆ ಖರ್ಚು ಮಾಡಬಹುದು.

ಎರಡನೆಯದು ಕೇಂದ್ರ ಪುರಸ್ಕೃತ ಯೋಜನೆಗಳ ದಾರಿ. ಇಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಪ್ರಮುಖ ಯೋಜನೆಗಳಲ್ಲಿ ಬಹುತೇಕವುಗಳಿಗೆ ಕೇಂದ್ರ ಶೇ. 60ರಷ್ಟು ಕೊಟ್ಟರೆ ಉಳಿದ ಶೇ. 40ನ್ನು ರಾಜ್ಯವೇ ಭರಿಸಬೇಕು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗಷ್ಟೇ ಈ ಪ್ರಮಾಣ 90:10. ಅಂದರೆ ಮಹಾರಾಷ್ಟ್ರಕ್ಕೂ ಬಿಹಾರಕ್ಕೂ ಒಂದೇ ನಿಯಮ. ಸ್ವಂತ ವರಮಾನ ಸಾಲದ ರಾಜ್ಯವು ತನ್ನ ಪಾಲನ್ನು ಹೊಂದಿಸಲಾಗದೆ ತಡಮಾಡಿದರೆ ಕಾಮಗಾರಿ ನಿಧಾನವಾಗುತ್ತದೆ, ಹಣಬಳಕೆ ಪ್ರಮಾಣಪತ್ರ ಸಲ್ಲಿಕೆಯಾಗುವುದಿಲ್ಲ, ಅದಿಲ್ಲದೆ ಮುಂದಿನ ಕಂತು ಬಿಡುಗಡೆಯಾಗುವುದಿಲ್ಲ. ಯೋಜನಾ ವರದಿ ಸಿದ್ಧಪಡಿಸುವ ಎಂಜಿನಿಯರುಗಳ, ಲೆಕ್ಕ ಬರೆಯುವ ಸಿಬ್ಬಂದಿಯ ಕೊರತೆಯೂ ಸಾಮಾನ್ಯವಾಗಿ ಇಂಥ ಕಡೆಗಳಲ್ಲೇ ಹೆಚ್ಚು. ವರ್ಷದ ಕೊನೆಯಲ್ಲಿ ಉಳಿದ ಹಣವನ್ನು ತೋರಿಸಿ, ಇವರಿಗೆ ಕೊಟ್ಟರೂ ಖರ್ಚು ಮಾಡಲು ಬರುವುದಿಲ್ಲ ಎಂದು ಹಂಗಿಸುವುದು ಸುಲಭ. ಆ ಅಸಾಮರ್ಥ್ಯವೇ ಹಿಂದುಳಿದಿರುವುದರ ಒಂದು ಲಕ್ಷಣವಲ್ಲವೇ?

ಯುರೋಪಿನ ಒಕ್ಕೂಟವು ತನ್ನ ಪ್ರಾದೇಶಿಕ ನಿಧಿಗಳಲ್ಲಿ ಈ ತೊಡಕಿಗೆ ಒಂದು ಉತ್ತರ ಕಂಡುಕೊಂಡಿದೆ. 2021ರಿಂದ 2027ರ ಅವಧಿಯಲ್ಲಿ, ತಲಾ ಉತ್ಪನ್ನವು ಒಕ್ಕೂಟದ ಸರಾಸರಿಯ ಶೇ. 75ಕ್ಕಿಂತ ಕಡಿಮೆಯಿರುವ ಪ್ರದೇಶಗಳ ಯೋಜನೆಗಳಿಗೆ ಒಕ್ಕೂಟ ಶೇ. 85ರವರೆಗೆ ಹಣ ಒದಗಿಸಬಹುದು. ಮುಂದುವರಿದ ಪ್ರದೇಶಗಳಿಗೆ ಈ ಮಿತಿ ಶೇ. 40. ಎತ್ತರದ ಗುಡ್ಡಗಾಡಿನ ರಾಜ್ಯಗಳಿಗೆ ರಿಯಾಯಿತಿ ನೀಡಲು ಒಪ್ಪಿದ ನಮ್ಮ ವ್ಯವಸ್ಥೆಗೆ, ತಲಾ ಆದಾಯ ತೀರಾ ಕಡಿಮೆಯಿರುವ ಬಯಲುನಾಡಿನ ರಾಜ್ಯಗಳು ಭರಿಸಬೇಕಾದ ಪಾಲನ್ನೂ ಹೀಗೆಯೇ ಇಳಿಸಲು ಸಂವಿಧಾನ ತಿದ್ದುಪಡಿಯೇನೂ ಬೇಕಿಲ್ಲ. ಕೇಂದ್ರ ಸಚಿವ ಸಂಪುಟದ ನಿರ್ಣಯ ಸಾಕು.