ಬಟನ್ ಒತ್ತಿದರೆ ಚಕ್ರಕ್ಕೆ ಹಿಡಿತ ಬರುತ್ತದೆಯೇ?

ಕೇಳುಗರಿಗೆ ನಮಸ್ಕಾರ.

ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಹೋಗುವ ಆಲ್ ವೀಲ್ ಡ್ರೈವ್ ಕಾರುಗಳಲ್ಲಿ ಗೇರ್ ಪಕ್ಕದಲ್ಲೇ ಒಂದು ಬಟನ್ ಅಥವಾ ತಿರುಗಿಸುವ ನಾಬ್ ಇರುವುದನ್ನು ನೀವು ನೋಡಿರಬಹುದು. ಹಿಮ, ಕೆಸರು, ಮರಳು, ಬಂಡೆ ಎಂದು ಅದರ ಮೇಲೆ ಪುಟ್ಟ ಪುಟ್ಟ ಚಿತ್ರಗಳಿರುತ್ತವೆ, ಒಂದೊಂದು ನೆಲಕ್ಕೂ ಒಂದೊಂದು ಮೋಡ್. ಲ್ಯಾಂಡ್ ರೋವರ್ ಕಂಪನಿ 2004ರಲ್ಲಿ ಡಿಸ್ಕವರಿ 3 ಗಾಡಿಯಲ್ಲಿ ಟೆರೇನ್ ರೆಸ್ಪಾನ್ಸ್ ಎಂಬ ಹೆಸರಿನಲ್ಲಿ ಇಂಥ ನಾಬ್ ಕೊಟ್ಟಿತು. ಅದು ಗಾಳಿಯ ಒತ್ತಡದಿಂದ ಗಾಡಿಯನ್ನು ಎತ್ತಿ ಇಳಿಸುವ ಏರ್ ಸಸ್ಪೆನ್ಷನ್, ನಿಧಾನವಾಗಿ ಹೆಚ್ಚು ಬಲದಿಂದ ತೆವಳಲು ನೆರವಾಗುವ ಲೋ ರೇಂಜ್ ಗೇರ್ ಎರಡೂ ಇರಬಲ್ಲ ಗಟ್ಟಿ ಗಾಡಿ. ಈಗ ಅದೇ ಚಿತ್ರಗಳು ಮನೆಮಂದಿ ಓಡಾಡುವ ಸಾಧಾರಣ ಕಾರುಗಳಲ್ಲೂ ಬಂದಿವೆ. ಹಾಗಾಗಿ ಪ್ರಶ್ನೆ ಸಹಜ: ಈ ಮೋಡ್‌ಗಳಿಂದ ಕಾರು ನಿಜಕ್ಕೂ ಸುಧಾರಿಸುತ್ತದೆಯೇ?

ಸುಧಾರಿಸುತ್ತದೆ ಎಂಬುದೇ ನನ್ನ ಉತ್ತರ. ಆದರೆ ಬಟನ್ ಒತ್ತಿದಾಗ ಕಾರಿಗೆ ಹೊಸ ಭಾಗವೊಂದೂ ಸೇರುವುದಿಲ್ಲ. ಇರುವ ಎಂಜಿನ್, ಇರುವ ಕ್ಲಚ್, ಇರುವ ಬ್ರೇಕುಗಳಿಗೆ ಮುಂದಿನ ನೆಲ ಎಂಥದ್ದು ಎಂಬ ಸುದ್ದಿ ಮುಂಚೆಯೇ ತಲುಪುತ್ತದೆ, ಅಷ್ಟೆ. ನೆಲವನ್ನು ಕಣ್ಣಾರೆ ಕಾಣುವವರು ನೀವು. ಕಂಪ್ಯೂಟರಿಗೆ ಗೊತ್ತಾಗುವುದು ಚಕ್ರ ಜಾರಿದ ಮೇಲೆ. ನಿಮ್ಮ ಕಣ್ಣಿಗೆ ಕಂಡದ್ದನ್ನು ಅದಕ್ಕೆ ತಿಳಿಸುವ ದಾರಿ ಈ ಬಟನ್.

ಇದು ಹೇಗೆಂದು ಒಂದು ಚಕ್ರದ ಹತ್ತಿರ ಹೋಗಿ ನೋಡೋಣ. ಕಾರು ಹಳ್ಳದ ದಿಣ್ಣೆಯನ್ನು ಓರೆಯಾಗಿ ಹತ್ತುತ್ತಿದೆ ಅನ್ನಿ. ಮುಂದಿನ ಎಡಚಕ್ರವೂ ಹಿಂದಿನ ಬಲಚಕ್ರವೂ ಹೆಚ್ಚುಕಡಿಮೆ ಗಾಳಿಯಲ್ಲಿವೆ. ಎಡ ಬಲ ಚಕ್ರಗಳನ್ನು ಜೋಡಿಸುವ ಪ್ರತಿ ಆಕ್ಸಲ್‌ನಲ್ಲಿ, ಎರಡೂ ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಂಬ ಗೇರ್ ಜೋಡಣೆ ಇದೆ. ಮಾಮೂಲಿ ಡಿಫರೆನ್ಷಿಯಲ್‌ನ ಸ್ವಭಾವವೇ ಎಡ ಬಲ ಎರಡೂ ಕಡೆಗೆ ಸಮನಾದ ಬಲ ಹಂಚುವುದು. ಹಗುರವಾಗಿ ನೆಲ ಸವರುತ್ತಿರುವ ಚಕ್ರ 100 ನ್ಯೂಟನ್ ಮೀಟರ್‌ನಷ್ಟು ತಿರುಗಿಸುವ ಬಲ ತಾಳಿಕೊಳ್ಳಬಲ್ಲದು ಎಂದಿಟ್ಟುಕೊಳ್ಳಿ. ಆಗ ನೆಲಕ್ಕೆ ಗಟ್ಟಿಯಾಗಿ ಊರಿರುವ ಇನ್ನೊಂದು ಚಕ್ರಕ್ಕೂ ಸಿಗುವುದು ಅದೇ 100. ಮೇಲೇರಲು ಬೇಕಾದದ್ದು 500 ಆಗಿದ್ದರೆ ಕಾರು ಅಲ್ಲಾಡದು, ಹಗುರ ಚಕ್ರ ಸುಮ್ಮನೆ ಗರಗರ ತಿರುಗುತ್ತದೆ. ಆಲ್ ವೀಲ್ ಡ್ರೈವ್ ಇದ್ದೂ ಕಾರು ನಿಂತಲ್ಲೇ ನಿಲ್ಲುವುದಕ್ಕೆ ಕಾರಣ ಇದು.

ಈಗ ಕಂಪ್ಯೂಟರ್ ಆ ತಿರುಗುವ ಚಕ್ರಕ್ಕೆ ಮಾತ್ರ 400ರಷ್ಟು ಬ್ರೇಕ್ ಹಾಕುತ್ತದೆ. ನೆಲದ 100, ಬ್ರೇಕಿನ 400, ಸೇರಿ ಆ ಬದಿಯಲ್ಲಿ 500 ತಡೆ ಹುಟ್ಟಿತು. ಡಿಫರೆನ್ಷಿಯಲ್ ಸಮನಾಗಿ ಹಂಚುವುದರಿಂದ ಇನ್ನೊಂದು ಬದಿಗೂ 500 ಸಿಕ್ಕಿತು, ಕಾರು ಏರಿತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆ ಆಕ್ಸಲ್‌ಗೆ ಎಂಜಿನ್ ಒಟ್ಟು 1000 ನ್ಯೂಟನ್ ಮೀಟರ್ ಒದಗಿಸಬೇಕು, ಅದರಲ್ಲಿ 400 ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಆ ಚಕ್ರ ಸೆಕೆಂಡಿಗೆ ಒಂದು ಸುತ್ತು ತಿರುಗಿದರೆ ಸುಮಾರು 2.5 ಕಿಲೋವ್ಯಾಟ್, 5 ಸುತ್ತು ತಿರುಗಿದರೆ 12.5 ಕಿಲೋವ್ಯಾಟ್ ಶಾಖ ಒಂದೇ ಡಿಸ್ಕಿನ ಮೇಲೆ ಬೀಳುತ್ತದೆ. ಅದಕ್ಕೇ ಈ ಕೆಲಸವನ್ನು ನಿಧಾನವಾಗಿ, ಸ್ವಲ್ಪ ಹೊತ್ತಿನಲ್ಲಿ ಮುಗಿಸಬೇಕು.

ಹಾಗಾದರೆ ಮೋಡ್ ಮಾಡುವುದೇನು? ರಸ್ತೆಗೆಂದು ಹೊಂದಿಸಿದ ಟ್ರ್ಯಾಕ್ಷನ್ ಕಂಟ್ರೋಲ್ ಚಕ್ರ ಜಾರಿದ ಕೂಡಲೇ ಎಂಜಿನ್ ಶಕ್ತಿ ಕಡಿಮೆ ಮಾಡಲು ನೋಡುತ್ತದೆ. ಡಾಂಬರು ರಸ್ತೆಯ ತಿರುವಿನಲ್ಲಿ ಅದು ಜೀವ ಉಳಿಸುವ ಗುಣ. ದಿಣ್ಣೆಯ ಮೇಲಾದರೆ ಅದೇ ಗುಣ ಕಾರನ್ನು ಕಟ್ಟಿಹಾಕುತ್ತದೆ: ನೀವು ಆಕ್ಸಿಲರೇಟರ್ ತುಳಿಯುತ್ತೀರಿ, ಎಂಜಿನ್ ನರಳುತ್ತದೆಯೇ ಹೊರತು ಉಸಿರು ಬಿಡುವುದಿಲ್ಲ. ಆಫ್ ರೋಡ್ ಮೋಡ್ ಎಂಜಿನ್ ಶಕ್ತಿಯನ್ನು ಹಾಗೇ ಉಳಿಸಿ, ಬ್ರೇಕನ್ನು ಬೇಗ ಮತ್ತು ಗಟ್ಟಿಯಾಗಿ ಹಾಕುತ್ತದೆ.

ಎರಡನೆಯದು, ಮುಂದಿನ ಹಿಂದಿನ ಆಕ್ಸಲ್ ಜೋಡಿಸುವ ಕ್ಲಚ್. ಇಂಥ ಬಹಳಷ್ಟು ಕಾರುಗಳು ಮಾಮೂಲಿ ಓಟದಲ್ಲಿ ಮುಂದಿನ ಚಕ್ರಗಳಿಂದಲೇ ನಡೆಯುತ್ತವೆ. ಹಲವು ಪ್ಲೇಟುಗಳ ಒಂದು ಕ್ಲಚ್ ಬಿಗಿದಾಗ ಮಾತ್ರ ಹಿಂದಕ್ಕೆ ಬಲ ಹೋಗುತ್ತದೆ. 1998ರ ಹೊತ್ತಿಗೆ ಬಂದ, ಹಾಲ್ಡೆಕ್ಸ್ ಕಂಪನಿಯ ಇಂಥ ಮೊದಲ ಕ್ಲಚ್‌ನಲ್ಲಿ ಬಿಗಿಯಲು ಬೇಕಾದ ಎಣ್ಣೆಯ ಒತ್ತಡ ಹುಟ್ಟುತ್ತಿದ್ದದ್ದೇ ಮುಂದಿನ ಹಿಂದಿನ ಚಕ್ರಗಳ ವೇಗದಲ್ಲಿ ವ್ಯತ್ಯಾಸ ಬಂದಾಗ, ಅಂದರೆ ಜಾರಲು ಶುರುವಾದ ಮೇಲೆ. ಆಮೇಲಿನ ಪೀಳಿಗೆಯವುಗಳಲ್ಲಿ ವಿದ್ಯುತ್ ಪಂಪೇ ಒತ್ತಡ ಕೊಡುವುದರಿಂದ ಕಾರು ನಿಂತಿರುವಾಗಲೇ ಕ್ಲಚ್ ಬಿಗಿಯಬಹುದು. ನನ್ನ ಲೆಕ್ಕದಲ್ಲಿ ಮೋಡ್‌ಗಳ ಅತಿ ದೊಡ್ಡ ಉಪಕಾರ ಇದೇ. ಕೆಸರಿನಲ್ಲಿ ಒಂದೇ ಒಂದು ಸುತ್ತು ಜಾರಿದರೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮೊದಲೇ ಬಿಗಿದ ಕ್ಲಚ್ ಆ ಒಂದು ಸುತ್ತನ್ನು ತಪ್ಪಿಸುತ್ತದೆ.

ಮೂರನೆಯದು ಪೆಡಲ್ ಮತ್ತು ಗೇರ್. ಹಿಮದ ಮೋಡ್‌ನಲ್ಲಿ ಪೆಡಲನ್ನು ಅಷ್ಟೇ ತುಳಿದರೂ ಎಂಜಿನ್ ಕಡಿಮೆ ಬಲ ಕೊಡುತ್ತದೆ, ಕೆಲವು ಆಟೊಮ್ಯಾಟಿಕ್ ಗಾಡಿಗಳು ಎರಡನೇ ಗೇರಿನಲ್ಲೇ ಹೊರಡುತ್ತವೆ. ಮರಳಿನದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಓಟ ಮುರಿಯಬಾರದು, ಕೆಳಗಿನ ಗೇರು ಹಿಡಿದೇ ಇರಬೇಕು, ಚಕ್ರ ಒಂದಿಷ್ಟು ಜಾರಿದರೂ ಶಕ್ತಿ ಕಡಿಯಬಾರದು. ಮರಳಿಗೆ ಹಿಮದ ಮೋಡ್ ಹಾಕಿದರೆ ಕಾರು ಕೆಲವೇ ಮೀಟರಿನಲ್ಲಿ ಹೂತುಕೊಳ್ಳಬಹುದು. ಚಿತ್ರ ನೋಡಿಕೊಂಡು ಆರಿಸುವುದು ಅದಕ್ಕೇ ಮುಖ್ಯ.

ಇಳಿಜಾರಿನ ಮಾತು ಬೇರೆ. ಲೋ ರೇಂಜ್ ಇರುವ ಗಾಡಿ ಎಂಜಿನ್ನಿನ ತಡೆಯಿಂದಲೇ ತೆವಳುತ್ತಾ ಇಳಿಯುತ್ತದೆ. ಸಾಧಾರಣ ಆಲ್ ವೀಲ್ ಡ್ರೈವ್ ಕಾರಿಗೆ ಆ ಸೌಕರ್ಯವಿಲ್ಲ. ಲ್ಯಾಂಡ್ ರೋವರ್‌ನದೇ 1997ರ ಫ್ರೀಲ್ಯಾಂಡರ್‌ ಕಾರಿನಲ್ಲಿ ಹಿಲ್ ಡಿಸೆಂಟ್ ಕಂಟ್ರೋಲ್ ಬಂದದ್ದು ಈ ಕೊರತೆ ತುಂಬಲೆಂದೇ. ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ಕಾಯುವ ಎಬಿಎಸ್ ವ್ಯವಸ್ಥೆಯ ಪಂಪು ಒಂದೊಂದು ಚಕ್ರವನ್ನೂ ಬೇರೆಬೇರೆಯಾಗಿ ಹಿಡಿದು ಬಿಟ್ಟು ವೇಗ ಕಾಯುತ್ತದೆ. ಮೊದಲ ಸಲ ಅದರ ಕಟಕಟ ಸದ್ದಿಗೆ ಗಾಬರಿಯಾಗಬೇಡಿ, ಅದು ಪಂಪಿನ ಸದ್ದು. ಇಳಿಯುವಾಗ ಸ್ಟೀರಿಂಗ್ ನೇರವಾಗಿರಲಿ, ಕಾಲು ಬ್ರೇಕಿನ ಹತ್ತಿರವೇ ಇರಲಿ. ದೀರ್ಘ ಇಳಿಜಾರಾದರೆ ನಡುವೆ ಮಟ್ಟಸ ಜಾಗದಲ್ಲಿ ನಿಲ್ಲಿಸಿ ಬ್ರೇಕ್ ಆರಲು ಬಿಡಿ.

ಮೋಡ್ ಹಾಕಿದರೂ ಸೋಲುವವರಲ್ಲಿ ನಾನು ಹೆಚ್ಚಾಗಿ ಕಾಣುವ ತಪ್ಪು ಒಂದೇ. ಚಕ್ರ ತಿರುಗಿದ ಸದ್ದು ಕೇಳಿದೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾರೆ. ಅಷ್ಟರಲ್ಲಿ ಬ್ರೇಕ್ ಒತ್ತಡ ಏರತೊಡಗಿರುತ್ತದೆ, ಕಾಲು ತೆಗೆದಾಗ ಅದೂ ಬಿಟ್ಟುಹೋಗುತ್ತದೆ. ಮತ್ತೆ ತುಳಿದಾಗ ಎಲ್ಲ ಮೊದಲಿನಿಂದ. ಅದರ ಬದಲು ಪೆಡಲನ್ನು ಮೆಲ್ಲಗೆ, 2000 ಆರ್‌ಪಿಎಂ ಆಸುಪಾಸಿನಲ್ಲಿ, ಎರಡು ಮೂರು ಸೆಕೆಂಡು ಅಲ್ಲಾಡಿಸದೆ ಹಿಡಿಯಿರಿ. ಬ್ರೇಕ್ ಕಚ್ಚುವುದು ಕಿವಿಗೇ ಕೇಳುತ್ತದೆ, ಕಾರು ತಾನಾಗಿ ಮುಂದೆ ಸರಿಯುತ್ತದೆ. ಐದು ಸೆಕೆಂಡಾದರೂ ಕದಲದಿದ್ದರೆ ನಿಲ್ಲಿಸಿ, ಹಿಂದೆ ಬಂದು ಬೇರೆ ಸಾಲು ಹಿಡಿಯಿರಿ. ಇನ್ನೊಂದು ಮಾತು: ಮೋಡ್ ಹಾಕಬೇಕಾದದ್ದು ಕೆಸರಿಗೆ ಇಳಿಯುವ ಮೊದಲು, ಹೂತ ಮೇಲೆ ಅಲ್ಲ.

ಇನ್ನು ಮೋಡ್‌ನ ಕೈಗೆ ಎಟುಕದ ಸಂಗತಿಗಳು. ಟೈರಿನ ಹಲ್ಲುಗಳ ನಡುವೆ ಕೆಸರು ತುಂಬಿ ಟೈರು ನುಣ್ಣಗಾದರೆ ಯಾವ ಕಂಪ್ಯೂಟರೂ ಹಿಡಿತ ಸೃಷ್ಟಿಸಲಾರದು. ಕಾರಿನ ಹೊಟ್ಟೆ ದಿಣ್ಣೆಗೆ ತಗುಲಿ ಕೂತರೆ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ. ಮರಳಿಗೆ ಇಳಿಯುವಾಗ ಟೈರಿನ ಗಾಳಿಯನ್ನು 32ರಿಂದ 18 ಪಿಎಸ್‌ಐಗೆ ಇಳಿಸಿದರೆ ಆಗುವ ಲಾಭ ಅನೇಕ ಸಲ ಮೋಡ್‌ಗಿಂತ ದೊಡ್ಡದು, ಏಕೆಂದರೆ ಟೈರು ಉದ್ದಕ್ಕೆ ಹರಡಿ ಮರಳಿನ ಮೇಲೆ ತೇಲುತ್ತದೆ. ಗಾಳಿ ಇಳಿಸಿದ ಮೇಲೆ ಸರಕ್ಕನೆ ತಿರುಗಿಸಬೇಡಿ, ಟೈರು ರಿಮ್ಮಿನಿಂದ ಕಳಚಬಹುದು. ಗಟ್ಟಿ ರಸ್ತೆಗೆ ಬಂದೊಡನೆ ಮತ್ತೆ ತುಂಬಿಸಿ. ಪಂಪು ಕಾರಿನಲ್ಲೇ ಇರಲಿ.

ಎಲ್ಲಕ್ಕಿಂತ ಬೇಗ ಎದುರಾಗುವ ಮಿತಿ ಶಾಖ. ಲೋ ರೇಂಜ್ ಇಲ್ಲದ ಕಾರು ಕಡಿದಾದ ಏರಿನಲ್ಲಿ ತೆವಳಿದಷ್ಟೂ ಆ ಪ್ಲೇಟುಗಳ ಕ್ಲಚ್ಚೂ ಗೇರ್‌ಬಾಕ್ಸೂ ಜಾರಿ ಜಾರಿ ಕಾಯುತ್ತವೆ. ಮಿತಿ ಮೀರಿದರೆ ಕ್ಲಚ್ ತನ್ನನ್ನು ಕಾಪಾಡಿಕೊಳ್ಳಲು ಬಿಚ್ಚಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಮೂಡುತ್ತದೆ, ಆ ಕ್ಷಣದಿಂದ ನಿಮ್ಮದು ಮುಂದಿನ ಎರಡು ಚಕ್ರಗಳ ಕಾರು. ಆಗ ಆಕ್ಸಿಲರೇಟರ್ ಒತ್ತುತ್ತಾ ಹೋಗಬೇಡಿ. ಮಟ್ಟಸ ಜಾಗಕ್ಕೆ ತಂದು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗೇರ್ ಪಾರ್ಕ್‌ನಲ್ಲಿಟ್ಟು ಎಂಜಿನ್ ಚಾಲೂ ಇರಲಿ, ಆಗ ಗೇರ್‌ಬಾಕ್ಸಿನ ಎಣ್ಣೆ ಕೂಲರ್ ಮೂಲಕ ಸುತ್ತಿ ತಣಿಯುತ್ತದೆ. ಎಚ್ಚರಿಕೆ ಆರುವವರೆಗೂ ಕಾಯಿರಿ. ಮತ್ತೆ ಹೊರಡುವ ಮುನ್ನ ಬಟನ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಎಷ್ಟೋ ಕಾರುಗಳಲ್ಲಿ ಎಂಜಿನ್ ಆರಿಸಿ ಹಚ್ಚಿದರೆ ಮೋಡ್ ತಾನಾಗಿ ಮಾಮೂಲಿಗೆ ಮರಳಿರುತ್ತದೆ. ಸುಬಾರುವಿನ ಎಕ್ಸ್ ಮೋಡ್‌ನಂಥವು ಗಂಟೆಗೆ 40 ಕಿಲೋಮೀಟರ್ ವೇಗ ದಾಟಿದಾಗಲೂ ಬಿಟ್ಟುಕೊಳ್ಳುತ್ತವೆ. ಮುಂದಿನ ಕೆಸರಿಗೆ ಅದನ್ನು ಮತ್ತೊಮ್ಮೆ ಒತ್ತಬೇಕಾಗುತ್ತದೆ.

ನಮಸ್ಕಾರ.