ಕಡಲಾಳದ ಕಲಿಕೆಗೆ ಹೊರಡುವವರ ವಿಮೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಮೊದಲ ಸಲ ನೀರೊಳಗೆ ಉಸಿರಾಡಿದವರಲ್ಲಿ ಕೆಲವರಿಗೆ ಅಷ್ಟಕ್ಕೇ ತೃಪ್ತಿಯಾಗುವುದಿಲ್ಲ. ಅವರು ಥಾಯ್ಲೆಂಡಿನ ಕೊಹ್ ತಾವ್ ದ್ವೀಪಕ್ಕೋ ಮಾಲ್ಡೀವ್ಸಿಗೋ ಹೋಗಿ ಸ್ಕೂಬಾ ಡೈವಿಂಗಿನ ಮುಂದಿನ ಹಂತಗಳನ್ನು ಕಲಿಯುತ್ತಾರೆ. ಅವರಲ್ಲೂ ಕೆಲವರು ಅದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವ ಆಸೆಯಿಂದ ಡೈವ್‌ಮಾಸ್ಟರ್ (ಡೈವರ್‌ಗಳನ್ನು ನೀರೊಳಗೆ ಕರೆದೊಯ್ಯುವ ಮಾರ್ಗದರ್ಶಿ), ಅನಂತರ ಇನ್‌ಸ್ಟ್ರಕ್ಟರ್ ಆಗಲು ತಿಂಗಳುಗಟ್ಟಲೆ ಅಲ್ಲಿ ನೆಲೆಸುತ್ತಾರೆ. ಕೋರ್ಸಿನ ಶುಲ್ಕ, ವಿಮಾನದ ಟಿಕೆಟ್, ವಸತಿ ಇವುಗಳ ಲೆಕ್ಕವನ್ನು ಪೈಸೆ ಬಿಡದೆ ಹಾಕುವ ಇವರು ವಿಮೆಯ ಕೆಲಸವನ್ನು ಮಾತ್ರ ಟಿಕೆಟ್ ಕಾಯ್ದಿರಿಸುವಾಗ ಕಾಣಿಸುವ ಒಂದು ಚೌಕದಲ್ಲಿ ಗುರುತು ಹಾಕಿ ಮುಗಿಸಿಬಿಡುವುದುಂಟು. ಪ್ರವಾಸಿಯಾಗಿ ಹೊರಟವನು ತರಬೇತಿಯ ನಡುವೆ ವೃತ್ತಿಪರನಾಗತೊಡಗುತ್ತಾನೆ, ಅವನ ಕೈಯಲ್ಲಿರುವ ಪಾಲಿಸಿ ಮಾತ್ರ ಪ್ರವಾಸಿಯದಾಗಿಯೇ ಉಳಿದಿರುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಈ ಬಿರುಕಿನ ಬಗ್ಗೆ.

ಮೊದಲು ಅಪಾಯದ ಸ್ವರೂಪವನ್ನು ನೋಡೋಣ. ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 30 ಮೀಟರ್ ಆಳದಲ್ಲಿ ಅದು ಮೇಲ್ಮೈಯ ನಾಲ್ಕು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲೂ ಅಂಗಾಂಶಗಳಲ್ಲೂ ಕರಗಿರುತ್ತದೆ, ಡೈವರ್ ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಗಳಾಗಿ ಹೊರಬೀಳುತ್ತದೆ. ಕೀಲುನೋವು, ಜೋಮು, ತಲೆಸುತ್ತು, ಒಮ್ಮೊಮ್ಮೆ ಕೈಕಾಲು ಸ್ವಾಧೀನ ತಪ್ಪುವುದು, ಇವೆಲ್ಲ ಡಿಕಂಪ್ರೆಷನ್ ಕಾಯಿಲೆಯ ಲಕ್ಷಣಗಳು. ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದವರಿಗೂ ಇದು ಅಪರೂಪಕ್ಕೆ ಬರುತ್ತದೆ. ಇದಕ್ಕೆ ಚಿಕಿತ್ಸೆ ನಡೆಯುವುದು ಹೈಪರ್‌ಬೇರಿಕ್ ಚೇಂಬರ್ ಎಂಬ ಒತ್ತಡಕೋಣೆಯಲ್ಲಿ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಮೆರಿಕ ನೌಕಾಪಡೆಯ 6ನೇ ಚಿಕಿತ್ಸಾ ಕೋಷ್ಟಕದ ಪ್ರಕಾರ ರೋಗಿಯನ್ನು 18 ಮೀಟರ್ ಆಳಕ್ಕೆ ಸಮನಾದ ಒತ್ತಡದಲ್ಲಿರಿಸಿ ಆಮ್ಲಜನಕ ಕೊಡಲಾರಂಭಿಸಿ, ಹಂತಹಂತವಾಗಿ ಹೊರತರುವುದಕ್ಕೆ 4 ಗಂಟೆ 45 ನಿಮಿಷ ಬೇಕು, ಅಗತ್ಯ ಬಿದ್ದರೆ ಮತ್ತೆ ಮತ್ತೆ ಮಾಡಬೇಕು. ಕೊಹ್ ತಾವ್ ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ದೋಣಿಯಲ್ಲಿ ಕೊಹ್ ಸಮುಯಿಗೆ ಹೋಗಬೇಕು. ವಿಮಾನದಲ್ಲೇ ಸಾಗಿಸಬೇಕಾಗಿ ಬಂದರೆ ಸಾಧಾರಣ ವಿಮಾನವಂತೂ ಸಲ್ಲದು, ಏಕೆಂದರೆ ಅದರೊಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು, ಗುಳ್ಳೆಗಳು ಹಿಗ್ಗುತ್ತವೆ. ಒಳಗಿನ ಒತ್ತಡವನ್ನು ಸಮುದ್ರಮಟ್ಟದಲ್ಲಿ ಕಾಯ್ದುಕೊಳ್ಳಬಲ್ಲ, ಇಲ್ಲವೇ ಬಹಳ ಕೆಳಗೆ ಹಾರುವ ಅಂಬ್ಯುಲೆನ್ಸ್ ವಿಮಾನವನ್ನೇ ಕರೆಸಬೇಕು. ಆದ್ದರಿಂದ ಪಾಲಿಸಿಯಲ್ಲಿ ನಾನು ಮೊದಲು ಹುಡುಕುವುದು ಎರಡು ಸಂಗತಿಗಳನ್ನು: ಒತ್ತಡಕೋಣೆಯ ಚಿಕಿತ್ಸೆಯನ್ನೂ ಸ್ಥಳಾಂತರದ ವೆಚ್ಚವನ್ನೂ ಹೆಸರು ಹೇಳಿ ಒಳಗೊಂಡಿದೆಯೇ, ಮತ್ತು ಕಂಪನಿ ಆಸ್ಪತ್ರೆಗೆ ನೇರವಾಗಿ ಪಾವತಿಯ ಖಾತರಿ ಕೊಡುತ್ತದೆಯೇ. ಮೊದಲು ನೀವು ಕಟ್ಟಿ, ಆಮೇಲೆ ರಸೀದಿ ಕಳಿಸಿ ಎನ್ನುವ ಪಾಲಿಸಿ ಇಂಥ ಸಂಕಟದಲ್ಲಿ ಹೆಚ್ಚು ಉಪಯೋಗಕ್ಕೆ ಬಾರದು.

ಇನ್ನು ಆಳದ ಷರತ್ತು. ಡೈವಿಂಗ್ ತರಬೇತಿಯ ಪ್ರಮಾಣಪತ್ರ ಕೊಡುವ ಪಾಡಿ ಸಂಸ್ಥೆಯ ಆರಂಭದ ಹಂತವಾದ ಓಪನ್ ವಾಟರ್ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್, ಅಡ್ವಾನ್ಸ್ಡ್ ಓಪನ್ ವಾಟರ್ ಮುಗಿಸಿದವರಿಗೆ 30 ಮೀಟರ್, ಹವ್ಯಾಸಿ ಡೈವಿಂಗಿಗೆ ಒಟ್ಟಾರೆ 40 ಮೀಟರ್ ಮಿತಿ. ಪಾಲಿಸಿ 40 ಮೀಟರಿನವರೆಗೆ ರಕ್ಷಣೆ ಕೊಡುತ್ತದೆ ಎಂದು ಮೊದಲ ಪುಟದಲ್ಲಿ ದೊಡ್ಡ ಅಕ್ಷರಗಳಲ್ಲಿದ್ದರೂ, ಒಳಗಿನ ಪುಟದಲ್ಲಿ 'ಪ್ರಮಾಣಪತ್ರದ ಮಿತಿಯೊಳಗೆ' ಎಂದಿರುವುದು ಸಾಮಾನ್ಯ. ಕಲಿಯುವವನಾದರೋ ತನ್ನ ಪ್ರಮಾಣಪತ್ರದ ಮಿತಿಯನ್ನು ದಾಟಲೆಂದೇ ಕೋರ್ಸಿಗೆ ಸೇರಿರುತ್ತಾನೆ. ಆದ್ದರಿಂದ ಇನ್‌ಸ್ಟ್ರಕ್ಟರ್ ನಿಗಾದಲ್ಲಿ ನಡೆಯುವ ತರಬೇತಿ ಡೈವ್‌ಗಳೂ ಸೇರಿವೆ ಎಂಬ ಮಾತು ಅಲ್ಲಿರಲೇಬೇಕು. ಮಾಲ್ಡೀವ್ಸಿನಲ್ಲಿ ಹವ್ಯಾಸಿ ಡೈವಿಂಗಿನ ಮಿತಿಯೇ 30 ಮೀಟರ್. ಅಲ್ಲಿ ಅದನ್ನು ಮೀರಿದವರು ಕ್ಲೇಮ್ ತಿರಸ್ಕರಿಸಲು ಕಂಪನಿಗೆ ತಾವೇ ಕಾರಣ ಒದಗಿಸಿದಂತೆ.

ಡೈವ್‌ಮಾಸ್ಟರ್ ಎನ್ನುವುದು ಪಾಡಿ ಶ್ರೇಣಿಯಲ್ಲಿ ಮೊದಲ ವೃತ್ತಿಪರ ಹಂತ. 18 ವರ್ಷ ತುಂಬಿ 40 ಡೈವ್‌ಗಳ ದಾಖಲೆಯುಳ್ಳವರು ಅದಕ್ಕೆ ಸೇರಬಹುದು, ಮುಗಿಸುವ ಹೊತ್ತಿಗೆ 60 ಡೈವ್‌ಗಳಾಗಿರಬೇಕು. ಈ ಕೋರ್ಸಿನ ಅಭ್ಯರ್ಥಿ ಬರೀ ಪಾಠ ಕೇಳುವುದಿಲ್ಲ. ನಿಜವಾದ ವಿದ್ಯಾರ್ಥಿಗಳ ಜೊತೆ ನೀರಿಗಿಳಿದು ಇನ್‌ಸ್ಟ್ರಕ್ಟರಿಗೆ ನೆರವಾಗುತ್ತಾನೆ. ಕೆಲವೆಡೆ ಶುಲ್ಕದಲ್ಲಿ ರಿಯಾಯಿತಿ ಪಡೆದು ಅಂಗಡಿಯಲ್ಲಿ ಸಿಲಿಂಡರ್ ತುಂಬಿಸುವ, ದೋಣಿಗೆ ಸಾಮಾನು ಹೊರುವ ಕೆಲಸವನ್ನೂ ಮಾಡುತ್ತಾನೆ. ಅವನು ಗ್ರಾಹಕನೋ ಕೆಲಸಗಾರನೋ? ವಿಮಾ ಕಂಪನಿ ಈ ಪ್ರಶ್ನೆಯನ್ನು ಅಪಘಾತವಾದ ಮೇಲೆ ಕೇಳುತ್ತದೆ, ನಾವು ಮೊದಲೇ ಕೇಳಬೇಕು, ಉತ್ತರವನ್ನು ಇಮೇಲ್‌ನಲ್ಲೇ ಪಡೆಯಬೇಕು. ಏಜೆಂಟರ ಬಾಯಿಮಾತಿನ ಭರವಸೆಗೆ ನಾನು ಬೆಲೆ ಕೊಡುವುದಿಲ್ಲ. ಥಾಯ್ಲೆಂಡಿನಲ್ಲಿ ವಿದೇಶಿಯರು ಕೆಲಸ ಮಾಡಲು ವರ್ಕ್ ಪರ್ಮಿಟ್ ಬೇಕು. ಅದಿಲ್ಲದೆ ದುಡಿದದ್ದು ಬೆಳಕಿಗೆ ಬಂದರೆ ವಿಮೆಯ ಹಣ ಕೇಳುವವನ ವಾದ ಇನ್ನಷ್ಟು ದುರ್ಬಲವಾಗುತ್ತದೆ.

ಡೈವರ್‌ಗಳಿಗೆಂದೇ ಇರುವ ವ್ಯವಸ್ಥೆಗಳಲ್ಲಿ ಹಳೆಯದು ಡೈವರ್ಸ್ ಅಲರ್ಟ್ ನೆಟ್‌ವರ್ಕ್, ಡೈವರ್‌ಗಳ ಬಾಯಲ್ಲಿ ಡ್ಯಾನ್. 1980ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಬೆನೆಟ್ ಅವರ ಮುಂದಾಳತ್ವದಲ್ಲಿ ಆರಂಭವಾದ ಇದರ ನಿಜವಾದ ಬಲ ತುರ್ತು ದೂರವಾಣಿಯಲ್ಲಿದೆ: ಡೈವಿಂಗ್ ವೈದ್ಯಕೀಯ ಬಲ್ಲವರು ಯಾವ ಒತ್ತಡಕೋಣೆಗೆ ಹೋಗಬೇಕೆಂದು ಸಲಹೆ ಕೊಡುತ್ತಾರೆ. ಇಂಥ ಯೋಜನೆಗಳಲ್ಲೂ ಹವ್ಯಾಸಿಗೂ ವೃತ್ತಿಪರನಿಗೂ ಬೇರೆ ಬೇರೆ ದರ್ಜೆಗಳಿರಬಹುದು, ನೀವು ವಾಸವಾಗಿರುವ ದೇಶದ ಷರತ್ತುಗಳೂ ಇರಬಹುದು. ದುಬೈಯಲ್ಲೋ ಸಿಂಗಪುರದಲ್ಲೋ ಇರುವ ಕನ್ನಡಿಗರು ಭಾರತದ ವಿಳಾಸ ಕೊಟ್ಟು ಅರ್ಜಿ ತುಂಬಬಾರದು.

ಆರೋಗ್ಯದ ಪ್ರಶ್ನಾವಳಿಯನ್ನು ಅನೇಕರು ಹಗುರವಾಗಿ ತುಂಬುತ್ತಾರೆ. ಆಸ್ತಮಾ, ಅಪಸ್ಮಾರ, ಹೃದಯದ ತೊಂದರೆ ಇದ್ದರೂ ಕೋರ್ಸು ತಪ್ಪೀತೆಂದು 'ಇಲ್ಲ' ಎಂದು ಬರೆದ ಹಾಳೆ ಡೈವ್ ಶಾಲೆಯ ಕಡತದಲ್ಲಿ ಉಳಿಯುತ್ತದೆ, ಮುಂದೆ ಕ್ಲೇಮಿನ ತನಿಖೆಯಲ್ಲಿ ಅದೇ ಸಾಕ್ಷ್ಯವಾಗುತ್ತದೆ. ಡೈವ್‌ಮಾಸ್ಟರ್ ಕೋರ್ಸಿಗೆ ಹೇಗೂ ವೈದ್ಯರ ಸಹಿ ಬೇಕು. ಹೊರಡುವ ಮೊದಲೇ ಊರಿನಲ್ಲಿ ತಪಾಸಣೆ ಮಾಡಿಸಿ ಅದೇ ವಿವರವನ್ನು ವಿಮಾ ಅರ್ಜಿಯಲ್ಲೂ ಕೊಡುವುದು ಸುರಕ್ಷಿತ.

ತನಗಾದ ಗಾಯಕ್ಕೆ ಇರುವ ವಿಮೆ ಬೇರೆ, ತನ್ನ ಅಜಾಗರೂಕತೆಯಿಂದ ಇನ್ನೊಬ್ಬರಿಗಾದ ಹಾನಿಗೆ ಇರುವ ವೃತ್ತಿ ಹೊಣೆಗಾರಿಕೆಯ ವಿಮೆ ಬೇರೆ. ನಿಮ್ಮ ಶಾಲೆಯ ಪಾಲಿಸಿ ತರಬೇತಿಯಲ್ಲಿರುವ ಅಭ್ಯರ್ಥಿಯನ್ನೂ ಒಳಗೊಂಡಿದೆಯೇ ಎಂದು ಮೊದಲ ದಿನವೇ ವಿಚಾರಿಸಿ. ಕ್ಯಾಮೆರಾ, ಡೈವ್ ಕಂಪ್ಯೂಟರ್ ಮುಂತಾದ ಸಲಕರಣೆಗಳ ವಿಮೆ ಕೊನೆಯ ಆದ್ಯತೆ.

ಅವಧಿಯ ವಿಷಯದಲ್ಲೂ ಎಚ್ಚರ ಬೇಕು. ಡ್ಯಾನ್ ಮಾರ್ಗಸೂಚಿಯಂತೆ ಒಂದೇ ಸಾಧಾರಣ ಡೈವ್ ಆದ ಮೇಲೆ ಕನಿಷ್ಠ 12 ಗಂಟೆ, ಹಲವು ಡೈವ್‌ಗಳಾದ ಮೇಲೆ 18 ಗಂಟೆ ವಿಮಾನ ಹತ್ತಬಾರದು. ಚಿಕಿತ್ಸೆ ಪಡೆದವರನ್ನು ಇನ್ನೂ ಹೆಚ್ಚು ಕಾಲ ನಿಲ್ಲಿಸಿಕೊಳ್ಳುತ್ತಾರೆ. ಆ ದಿನಗಳ ವಸತಿ, ಹೊಸ ಟಿಕೆಟ್ ಇವನ್ನು ಪಾಲಿಸಿ ಭರಿಸಬೇಕು. ಪ್ರವಾಸ ವಿಮೆ ಸಾಮಾನ್ಯವಾಗಿ ತಾಯ್ನೆಲ ಮುಟ್ಟಿದೊಡನೆ ಮುಗಿಯುತ್ತದೆ, ರೋಗಲಕ್ಷಣಗಳಾದರೋ ಹಾರಾಟದ ನಂತರವೂ ಕಾಣಿಸಿಕೊಳ್ಳಬಹುದು. ಆಗ ಆಸರೆ ಊರಿನ ಆರೋಗ್ಯ ವಿಮೆಯೇ. ಭಾರತದ ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಆರೋಗ್ಯ ವಿಮೆಗೆ ರೂಪಿಸಿದ ಏಕರೂಪದ ಹೊರಗಿಡುವ ಷರತ್ತುಗಳ ಪೈಕಿ 9ನೆಯದು ಸ್ಕೂಬಾ ಡೈವಿಂಗನ್ನು ಹೆಸರಿಸಿಯೇ ಹೇಳುತ್ತದೆ. ಆದರೆ ಅದು ಹೊರಗಿಡುವುದು ವೃತ್ತಿಪರನಾಗಿ ಪಾಲ್ಗೊಂಡಾಗ ಬಂದ ಕಾಯಿಲೆಯ ಚಿಕಿತ್ಸೆಯನ್ನು. ರಜೆಯಲ್ಲಿ ಹವಳ ನೋಡಿ ಬಂದವನಿಗೆ ತೆರೆದಿರುವ ಈ ಬಾಗಿಲು ಡೈವ್‌ಮಾಸ್ಟರ್ ಆಗಿ ದುಡಿದು ಬಂದವನಿಗೆ ಮುಚ್ಚಿರಬಹುದು, ಆದ್ದರಿಂದ ಅಂಥವರು ವೃತ್ತಿಪರರ ದರ್ಜೆಯ ಡೈವಿಂಗ್ ವಿಮೆಯನ್ನು ಮರಳಿ ಬಂದ ನಂತರದ ಕೆಲವು ದಿನಗಳವರೆಗೂ ಜಾರಿಯಲ್ಲಿಟ್ಟುಕೊಳ್ಳಬೇಕು, ಮತ್ತು ಅದು ಭಾರತದೊಳಗಿನ ಚಿಕಿತ್ಸೆಗೂ ಅನ್ವಯಿಸುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ತಿಳಿದುಕೊಳ್ಳಬೇಕು.

ನಮಸ್ಕಾರ.